ಪ್ಯಾರಿಸ್ ಫೋಟೋಗೆ ಇಕ್ಕಿದ ಎಡೆ

ಕಿರಂಗೂರು
೧೧-೮-೧೯೯೬

ಪುಟ್ಟರಾಜುವಿಗೆ,

ಆಶೀರ್ವಾದ ಬರೆಯಬೇಕಾದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ನಿನ್ನ ಅತ್ತಿಗೆಯ ತಿಥಿ ಬುಧವಾರ ಮುಗಿಯಿತು.

ಜರ್ಮನಿಯ ಈ ವಿಳಾಸವನ್ನು ಪಾಂಡವಪುರದ ನಿನ್ನ ಪಂಪ್‌ಸೆಟ್ ಅಂಗಡಿಯ ಕೆಂಪಣ್ಣನಿಂದ ಈಸಿಕೊಂಡೆ. ಕೊಡುವುದಕ್ಕೆ ಹಿಂದೆ ಮುಂದೆ ನೋಡಿದ. ಒಂದು ಸಲ ಬೈದ ಮೇಲೆ ಕೊಟ್ಟ. ಪಂಪಿನ ಕಂಪನಿಯವರ ಟೂರು ಮುಗಿದರೂ ನೀವು ಬರುವುದಿಲ್ಲವಂತೆ. ನಿನ್ನ ಹೆಂಡತಿ ಸಹನಳ ಅಣ್ಣ, ಅಲ್ಲಿ ಹೋಟೆಲಿನಲ್ಲಿ ಅಡುಗೆ ಮಾಡುವ ಅಶೋಕನ ಮನೆಯಲ್ಲಿ ಇಳಿದುಕೊಂಡು, ಅಕ್ಟೋಬರ್ ಕೊನೆಯವರೆಗೂ ರೈಲು ಹತ್ತಿಕೊಂಡು ಊರೂರು ನೋಡುತ್ತೀರಂತೆ. ನೋಡಿ. ಕಣ್ಣು ಇರುವುದು ಅದಕ್ಕೇ ಅಲ್ಲವೇ.

ನಮ್ಮವ್ವ ಸತ್ತಾಗ ನೀನು ಇನ್ನೂ ಮೊಲೆ ಬಿಟ್ಟಿರಲಿಲ್ಲ. ಮಾದಮ್ಮ ಈ ಮನೆಗೆ ಹೊಸದಾಗಿ ಬಂದಿದ್ದಳು. ಅವಳ ಹೊಟ್ಟೆಯಲ್ಲಿ ಮಕ್ಕಳಾಗಲಿಲ್ಲ, ನೀನೇ ಮಗ ಅಂದುಕೊಂಡಳು. ಅದಕ್ಕೇ ಅವಳು ಸತ್ತ ದಿನ ಬೆಂಕಿ ಮಡಕೆ ಹಿಡಿದು ಮುಂದೆ ನಡೆಯಲು ನಿನ್ನನ್ನು ಬಿಟ್ಟೆ. ಮೊದಲ ಹಿಡಿ ಮಣ್ಣು ಹಾಕಿದವನೂ ನೀನೇ. ಬೆಂಕಿ ಹಿಡಿದವನು ತಿಥಿಯ ದಿನ ತಲೆ ಬೋಳಿಸಿಕೊಂಡು, ಸಂಗಮದಲ್ಲಿ ಮುಳುಗಿ ಎದ್ದು, ಕಾಗೆಗೆ ಅನ್ನ ಇಟ್ಟು, ಆಮೇಲೆ ಎಲ್ಲಿ ಬೇಕಾದರೂ ಹೋಗಬೇಕು. ನೀನು ಮಣ್ಣಿನ ಕೈ ತೊಳೆದವನು ಸೀದಾ ವಿಮಾನ ಹತ್ತಿದೆ. ಬೀಗರೆಲ್ಲ ಬಂದು ಕೂತಿದ್ದಾಗ ಪಕ್ಕದ ಮನೆಯ ಬೋರಯ್ಯ ಹಟ್ಟಿಯ ನಡುವೆ ನಿಂತು ಕೇಳಿದ, "ತಲೆ ಕೊಡೋನು ಎಲ್ಲವ್ನೆ ಮಂಚಣ್ಣ?" ನಾನೇ ಹೋಗಿ ಕ್ಷೌರದವನ ಮುಂದೆ ಕುಕ್ಕರುಗಾಲಲ್ಲಿ ಕೂತೆ. ಹೆಂಡತಿಗೆ ಗಂಡ ತಲೆ ಕೊಟ್ಟ ಅಂತ ಊರೆಲ್ಲ ಮಾತಾಡಿತು.

ನನಗೂ ಮಣ್ಣು ಕೊಡಬೇಕಾದವನು ನೀನೊಬ್ಬನೇ. ಆವತ್ತು ಯಾವ ಕಂಪನಿ ನಿನ್ನನ್ನು ಯಾವ ದೇಶಕ್ಕೆ ಕರೆದುಕೊಂಡು ಹೋಗಿರುತ್ತದೋ, ಮುಂಚೆಯೇ ಕೇಳಿ ಬರೆ. ಆ ತಾರೀಕು ಬಿಟ್ಟು ಸಾಯುತ್ತೇನೆ.

ಮಂಚಯ್ಯ


ಫ್ರಾಂಕ್‌ಫರ್ಟ್
೨೭-೮-೧೯೯೬

ಅಣ್ಣನಿಗೆ ಪುಟ್ಟರಾಜು ಮಾಡುವ ನಮಸ್ಕಾರ.

ನಿನ್ನ ಕಾಗದ ಬಂತು. ಓದಿ ಮಡಿಸಿ ಇಟ್ಟಿದ್ದೇನೆ. ಕಂಪನಿಯವರು ಗೊತ್ತು ಮಾಡಿದ ತಾರೀಕು ನಮ್ಮ ಕೈಯಲ್ಲಿರಲಿಲ್ಲ ಅಂತ ನಿನಗೂ ಗೊತ್ತು. ಅತ್ತಿಗೆಯ ಕೆಲಸವನ್ನು ನಾನು ಬಿಟ್ಟಿಲ್ಲ. ಬಂದ ಮೇಲೆ ಕೂತು ಹೇಳುತ್ತೇನೆ. ಕಾಗದದಲ್ಲಿ ಹೇಳುವ ಮಾತಲ್ಲ.

ಇಲ್ಲಿಯ ವಿಷಯ ಬರೆದರೆ ನಿನಗೆ ಸಿಟ್ಟು ಬರುತ್ತದೋ ಏನೋ, ಬರೆಯದಿದ್ದರೂ ಬರುತ್ತದೆ. ಹಾಲೆಂಡ್ ಅನ್ನುವ ದೇಶ ನೋಡಿ ನಿನ್ನ ನೆನಪಾಯಿತು. ಎಲ್ಲಿ ನೋಡಿದರೂ ನಾಲೆ. ನಮ್ಮ ವಿಶ್ವೇಶ್ವರಯ್ಯ ನಾಲೆಯ ಹಾಗೆ ತುಂಬಿ ಹರಿಯುತ್ತದೆ, ಆದರೆ ನೀರು ಬಿಡು ಅಂತ ಯಾರೂ ಜಗಳ ಆಡುವುದಿಲ್ಲ. ಅವರಿಗೆ ನೀರನ್ನು ಆಚೆ ಹಾಕುವುದೇ ಕಷ್ಟವಂತೆ. ಹಿಂದೆ ಗಾಳಿಯಿಂದ ತಿರುಗುವ ಯಂತ್ರದಲ್ಲಿ ನೀರೆತ್ತಿ ಸಮುದ್ರಕ್ಕೆ ಚೆಲ್ಲುತ್ತಿದ್ದರು. ಪಂಪ್ ಮಾರುವವನಿಗೆ ಅದಕ್ಕಿಂತ ದೊಡ್ಡ ದೇವಸ್ಥಾನ ಇಲ್ಲ ಅನ್ನಿಸಿತು. ಅದರ ಮುಂದೆ ಸಹನ ನನ್ನನ್ನು ನಿಲ್ಲಿಸಿ ತೆಗೆದ ಫೋಟೋ ಇಟ್ಟಿದ್ದೇನೆ.

ಇನ್ನೊಂದು, ಪ್ಯಾರಿಸ್ಸಿನ ಕಬ್ಬಿಣದ ಗೋಪುರದ ಮುಂದೆ ಇಬ್ಬರೂ ನಿಂತಿದ್ದು. ಅದನ್ನು ಜಪಾನಿನ ಒಬ್ಬ ಮುದುಕರ ಕೈಗೆ ಕ್ಯಾಮರಾ ಕೊಟ್ಟು ತೆಗೆಸಿದ್ದು. ಅವರು ಕೈ ಆಡಿಸಿ ನಗಿ, ನಗಿ ಅಂತ ಸನ್ನೆ ಮಾಡಿದರು. ಆ ಊರಲ್ಲಿ ನಗದೆ ನಿಂತವರನ್ನು ಯಾರೂ ಫೋಟೋ ತೆಗೆಯುವುದಿಲ್ಲ. ಮೂರನೆಯದರಲ್ಲಿ ನನ್ನ ಹಿಂದೆ ರೈನ್ ನದಿ. ದಡದಲ್ಲಿ ಕೋಟೆಗಳು. ನಮ್ಮ ಪಟ್ಟಣದ ಕೋಟೆಯ ಹಾಗೆಯೇ ಹಾಳಾಗಿವೆ, ಆದರೆ ಇವರು ಹಾಳಾಗಿದ್ದನ್ನೂ ಗುಡಿಸಿ ಒರೆಸಿ ಇಟ್ಟುಕೊಂಡಿದ್ದಾರೆ.

ಫೋಟೋ ಸುಮ್ಮನೆ ತೋರಿಸಿಕೊಳ್ಳುವುದಕ್ಕೆ ಕಳಿಸಿದ್ದಲ್ಲ. ನೀನೂ ನೋಡಲಿ ಅಂತ ಕಳಿಸಿದ್ದು.

ನಿನ್ನ ತಮ್ಮ,
ಪುಟ್ಟರಾಜು

ಭಾವನವರಿಗೆ ಸಹನಳ ನಮಸ್ಕಾರಗಳು. ಬಿಪಿ ಮಾತ್ರೆ ತಪ್ಪಿಸಬೇಡಿ. ಮಾದಮ್ಮಕ್ಕನ ಹಸುವನ್ನು ಮಾರಬೇಡಿ, ನಾವು ಬಂದು ಹೊಡೆದುಕೊಂಡು ಹೋಗುತ್ತೇವೆ.


ಕಿರಂಗೂರು
೯-೯-೧೯೯೬

ಪುಟ್ಟರಾಜುವಿಗೆ,

ಫೋಟೋ ನೋಡಿದೆ. ಬೋರಯ್ಯನೂ ನೋಡಿದ. ಅವನ ಹೆಂಡತಿ, ಸೊಸೆ, ಹಾಲಿನ ಡೇರಿಗೆ ಬಂದವರು ಎಲ್ಲರೂ ನೋಡಿದರು. ನಾನು ಯಾರಿಗೂ ತೋರಿಸಲಿಲ್ಲ. ಪೋಸ್ಟ್‌ಮನ್ ಕೈಯಲ್ಲೇ ಲಕೋಟೆಯ ಅಂಚು ಬಿಟ್ಟುಕೊಂಡಿತ್ತು.

ಸೂತಕ ಕಳೆಯದ ಮೈಯಲ್ಲಿ ಹಲ್ಲು ಕಿರಿದು ನಿಂತಿದ್ದೀಯ. ಹೆಂಡತಿಯ ಹೆಗಲ ಮೇಲೆ ಕೈ. ಆ ಕೈಯಲ್ಲೇ ಮಾದಮ್ಮನಿಗೆ ಮಣ್ಣು ಹಾಕಿದ್ದು. ಮೂರು ಫೋಟೋದಲ್ಲೂ ತಲೆಯ ಮೇಲೆ ಕೆಂಪು ಟೋಪಿ. ಹುಟ್ಟಿದಾಗಿನಿಂದ ಬಿಸಿಲಲ್ಲಿ ಬರಿತಲೆಯಲ್ಲಿ ತಿರುಗಿದವನಿಗೆ ಈಗ ಟೋಪಿ ಬೇಕಾಯಿತು. ತಲೆ ಕೊಡಬೇಕಾದ ಹೊತ್ತಿನಲ್ಲಿ ತಲೆಗೆ ಸಿಂಗಾರ. ಬೋರಯ್ಯ ಅಂದ, "ಬುಡು ಮಂಚಣ್ಣ, ಅಲ್ಲಿ ಅಂಗೇ ಇಕ್ಕತಾರೇನೋ, ದೊರೆಗಳು." ನಾನಂದೆ, "ದೊರೆನೂ ಇಲ್ಲ ಗಿರೆನೂ ಇಲ್ಲ ಕಣ್ಲಾ. ನಾಚ್ಕೆ ಬುಟ್ಟೋನು ತಲೆ ಮುಚ್ಕೊಂಡವ್ನೆ."

ಅತ್ತಿಗೆಯ ಕೆಲಸ ಬಿಟ್ಟಿಲ್ಲ ಅಂತ ಬರೆದಿದ್ದೀಯ. ಯಾವ ಕೆಲಸ? ಗಾಳಿ ಯಂತ್ರದ ಮುಂದೆ ನಿಲ್ಲುವುದೇ?

ಒಂದು ಮಾತು ಕೇಳು. ಅಕ್ಟೋಬರ್ ಹನ್ನೆರಡಕ್ಕೆ ಮಾಲಯ ಅಮಾವಾಸ್ಯೆ. ಮಾದಮ್ಮನಿಗೆ ಮೊದಲ ಎಡೆ. ಅಪ್ಪ, ಅವ್ವನ ಪಕ್ಕದಲ್ಲಿ ಅವಳ ಫೋಟೋ ಕೂರಿಸಬೇಕು, ಅವಳು ಇಷ್ಟಪಟ್ಟಿದ್ದನ್ನು ಮಾಡಿ ಬಡಿಸಬೇಕು. ಅದನ್ನು ಇಕ್ಕಬೇಕಾದವನು ನೀನು. ಟಿಕೆಟ್ಟು ಬದಲಾಯಿಸಿಕೊಂಡು ಬಾ. ಬಂದೆಯೋ, ಆದದ್ದನ್ನು ಆಲೆಮನೆಯ ಒಲೆಗೆ ಹಾಕುತ್ತೇನೆ. ಬರಲಿಲ್ಲವೋ, ಅವತ್ತು ನಿನಗೂ ಒಂದು ಎಡೆ ಇಕ್ಕಿಬಿಡುತ್ತೇನೆ, ನಿನ್ನ ಹೆಂಡತಿಗೂ. ಸುಮ್ಮನೆ ಹೇಳುತ್ತಿದ್ದೇನೆ ಅಂದುಕೊಳ್ಳಬೇಡ. ಫೋಟೋ ನೀನೇ ಕಳಿಸಿದ್ದೀಯ.

ಮಂಚಯ್ಯ


ಇಂಟರ್‌ಲಾಕೆನ್, ಸ್ವಿಟ್ಜರ್ಲೆಂಡ್
೨೪-೯-೧೯೯೬

ಅಣ್ಣನಿಗೆ,

ನಿನ್ನ ಕಾಗದವನ್ನು ಅಶೋಕನ ಮನೆಯಲ್ಲಿ ಓದಿ, ಉತ್ತರ ಬರೆಯಬಾರದು ಅಂತ ಇಲ್ಲಿಗೆ ಬಂದೆ. ಇಲ್ಲಿಂದಲೇ ಬರೆಯುತ್ತಿದ್ದೇನೆ.

ಟಿಕೆಟ್ಟು ಬದಲಾಗುವುದಿಲ್ಲ. ಕಂಪನಿ ಕೊಟ್ಟ ಟಿಕೆಟ್ಟು, ಮೊದಲೇ ಬರೆಸಿದ ತಾರೀಕಿಗೇ ಬರಬೇಕು. ಬೇರೆ ಕೊಳ್ಳುವ ಶಕ್ತಿ ನನಗಿಲ್ಲ ಅಂತ ನಿನಗೆ ಗೊತ್ತಿದ್ದೂ ಬರೆದಿದ್ದೀಯ. ಮತ್ತೆ, ನಾನು ಹೇಳದೆ ಕದ್ದು ಬಂದವನಲ್ಲ. ಮಣ್ಣು ಮುಗಿಸಿ ಬಂದ ಸಂಜೆ ಜಗಲಿಯ ಮೇಲೆ ಕೂತು ಕೇಳಲಿಲ್ಲವೇ? "ಏನ್ ಮಾಡ್ಲಿ ಅಣ್ಣ?" ಅಂದೆ. "ಓಗು" ಅಂದೆ ನೀನು. ಬೋರಣ್ಣ ಸಾಕ್ಷಿ.

ಇವತ್ತು ಮಂಜಿನ ಬೆಟ್ಟ ನೋಡಿದೆವು. ಹಲ್ಲಿನ ಚಕ್ರದ ರೈಲು ಬೆಟ್ಟದ ಹೊಟ್ಟೆಯೊಳಗೆ ನುಗ್ಗಿ ತುದಿಗೆ ಏರುತ್ತದೆ. ಮೇಲೆ ಬಿಳುಪು ಬಿಟ್ಟು ಬೇರೆ ಬಣ್ಣವೇ ಇಲ್ಲ. ಸಹನ ಕ್ಯಾಮರಾ ತೆಗೆದಳು, ಚಳಿಗೆ ಅದರ ಗುಂಡಿ ಒತ್ತಲೇ ಆಗಲಿಲ್ಲ. ಕಂಕುಳಲ್ಲಿ ಇಟ್ಟುಕೊಂಡು ಬೆಚ್ಚಗೆ ಮಾಡಿ ತೆಗೆದಳು. ನಗುತ್ತಿದ್ದೇನೆ ಆ ಫೋಟೋದಲ್ಲೂ. ಟೋಪಿಯೂ ಇದೆ. ನಿನಗೆ ಇನ್ನಷ್ಟು ಉರಿಯಲಿ ಅಂತಲೇ ಬರೆಯುತ್ತಿದ್ದೇನೆ.

ಎಡೆ ಇಕ್ಕುತ್ತೇನೆ ಅಂದೆಯಲ್ಲ, ಇಕ್ಕು. ನಾಟಿ ಕೋಳಿ ಸಾರು, ಮುದ್ದೆ, ಒಬ್ಬಟ್ಟು. ಸಹನಳಿಗೆ ಕೋಳಿ ಸೇರುವುದಿಲ್ಲ, ಮೊಟ್ಟೆ ಇಡು. ಇಲ್ಲಿ ಬ್ರೆಡ್ಡು ತಿಂದು ಬಾಯಿ ಸತ್ತಿದೆ. ನೀನು ಇಕ್ಕಿದ್ದಾದರೂ ಬಾಯಿಗೆ ಬರಲಿ.

ಪುಟ್ಟರಾಜು


ಕಿರಂಗೂರು
೧೪-೧೦-೧೯೯೬

ಪುಟ್ಟರಾಜುವಿಗೆ,

ಇಕ್ಕಿದೆ.

ನೀನು ಕೇಳಿದ್ದೆಲ್ಲ ಇತ್ತು. ಕೋಳಿ ನಮ್ಮ ಹಟ್ಟಿಯದೇ. ಬೋರಯ್ಯನ ಸೊಸೆ ಖಾರ ಅರೆದು ಕೊಟ್ಟಳು, ಸಾರು ನಾನೇ ಕುದಿಸಿದೆ. ಸಹನಳ ಎಲೆಗೆ ಮೊಟ್ಟೆ ಬೇಯಿಸಿ ಇಟ್ಟೆ. ಮಾತು ತಪ್ಪುವವನು ನಾನಲ್ಲ.

ಮೊದಲು ಫೋಟೋ ವಿಷಯ. ಪ್ಯಾರಿಸ್ಸಿನದನ್ನು ಪಟ್ಟಣದ ಸೋಮಯ್ಯನ ಸ್ಟುಡಿಯೋಗೆ ಕೊಟ್ಟೆ, ದೊಡ್ಡದು ಮಾಡಿ ಕಟ್ಟು ಹಾಕಿಸಿ ಕೊಡು ಅಂತ. ಅವನು ಫೋಟೋ ನೋಡಿದ, ನನ್ನ ಬೋಳು ತಲೆ ನೋಡಿದ. "ಅಯ್ಯೋ ಶಿವನೆ, ಇಬ್ರೂವಾ?" ಅಂದ. ನಾನು ಮುಂಗಡದ ನೋಟು ಎಣಿಸಿ ಮೇಜಿನ ಮೇಲಿಟ್ಟೆ. "ಇಂದ್ಗಡೆ ಗೋಪುರ ತೆಗ್ದು ಆಕಾಸ ಮಡಗ್ಲಾ ಮಂಚಣ್ಣ?" ಅಂದ. "ಇರ್ಲಿ ಬುಡು, ಎಲ್ಲಿದ್ರು ಅಂತ ಜನ ನೋಡ್ಲಿ" ಅಂದೆ. ಕೆಳಗೆ ಬರೆಯಲು ತಾರೀಕು ಕೇಳಿದ. ನೀನು ವಿಮಾನ ಹತ್ತಿದ ತಾರೀಕು ಕೊಟ್ಟೆ. ಚೆನ್ನಾಗಿ ಮಾಡಿದ್ದಾನೆ. ನಿಮ್ಮಿಬ್ಬರ ತಲೆಯ ಹಿಂದೆ ಬೆಳಕಿನ ಚಕ್ರವನ್ನೂ ಬರೆದಿದ್ದಾನೆ. ನಿನ್ನ ಟೋಪಿಯ ಮೇಲೆ ಅದು ನಿಂತಿರುವುದನ್ನು ನೀನು ನೋಡಬೇಕು.

ಅಮಾವಾಸ್ಯೆಯ ದಿನ ಅಪ್ಪ, ಅವ್ವ, ಮಾದಮ್ಮ, ಆಮೇಲೆ ನೀವಿಬ್ಬರು. ಸಾಲಾಗಿ ಕೂರಿಸಿ ಹಾರ ಹಾಕಿ ಕುಂಕುಮ ಇಟ್ಟೆ. ಅಷ್ಟರಲ್ಲಿ ನಿನ್ನ ಅಂಗಡಿಯ ಕೆಂಪಣ್ಣ ಬಂದ, ಮಾದಮ್ಮನಿಗೆ ಕೈ ಮುಗಿಯೋಣ ಅಂತ. ಒಳಗೆ ಕಾಲಿಟ್ಟವನು ಗೋಡೆ ಹಿಡಿದು ಜಾರಿ ಕೂತ. "ಯಜಮಾನ್ರೇ... ಅಮ್ಮಾವ್ರೇ..." ಅಂತ ತಲೆ ಬಡಿದುಕೊಂಡ. ನೀರು ಕೊಟ್ಟೆ. ಕುಡಿದು, ಒಂದು ಮಾತೂ ಕೇಳದೆ ಸೈಕಲ್ ಹತ್ತಿ ಹೋದ. ಅಂಗಡಿಗೆ ಬಾಗಿಲು ಎಳೆದು, ನಾಗಮಂಗಲಕ್ಕೆ ನಿನ್ನ ಅತ್ತೆ ಯಶೋದಮ್ಮನಿಗೆ ಫೋನು ಮಾಡಿದನಂತೆ.

ಮಾರನೆಯ ದಿನ ಟೆಂಪೋ ತುಂಬ ಬಂದರು. ಯಶೋದಮ್ಮ ಬೀದಿಯ ತುದಿಯಿಂದಲೇ ಎದೆ ಬಡಿದುಕೊಂಡು ಬಂದಳು. ಕಿರಿ ಮಗಳು ಮೇಘನ ಹಿಡಿದುಕೊಂಡಿದ್ದಳು. ಒಳಗೆ ಬಂದು ಫೋಟೋ ಮುಂದೆ ಬಿದ್ದು, "ನನ್ ಮಗ್ಳೇ, ಪರ್ದೇಸದಾಗೆ ಪರ್ದೇಸಿ ಆದ್ಯಲ್ಲೇ!" ಅಂತ ಹಾಡಿಕೊಂಡು ಅತ್ತಳು. ಊರಿನ ಹೆಂಗಸರೂ ಸೇರಿಕೊಂಡರು. ಮಾದಮ್ಮ ಸತ್ತಾಗಲೂ ಯಾರೂ ಅಷ್ಟು ಅತ್ತಿರಲಿಲ್ಲ.

"ಎಂಗೆ ವೋದ್ರಪ್ಪ?" ಅಂದಳು.

"ಫೋಟೋ ತೆಗೆಸ್ಕಂತಾ ಇದ್ರು" ಅಂದೆ.

"ಅಲ್ಲಿಂದ ಬಿದ್ರಾ? ಆ ಗೋಪುರದಿಂದ್ಲಾ?"

"ನಾನೇನು ಅಲ್ಲಿದ್ನಾ?"

"ಎಣ ಯಾವಾಗ ತತ್ತಾರೆ?"

"ಅಕ್ಟೋಬರ್ ಕೊನೇಗೆ. ಟಿಕೆಟ್ಟು ಅಂಗೇ ಅದೆ" ಅಂದೆ.

ಬೋರಯ್ಯ ಮಾತ್ರ ನನ್ನ ಮುಖ ನೋಡುತ್ತಾ ನಿಂತಿದ್ದ. ಕಂಬದ ಹತ್ತಿರ ಎಳೆದು, "ಮಂಚಣ್ಣ, ನಿನ್ ಕಣ್ಣಾಗೆ ನೀರೇ ಇಲ್ವಲ್ಲಾ. ಇದೇನೋ ಬ್ಯಾರೆ ಅದೆ. ಬುಡು, ಯೋಳ್ಬುಡು" ಅಂದ. "ನೀ ನಿನ್ ಮನೆ ನೋಡ್ಕೊ ಓಗ್ಲಾ" ಅಂದೆ.

ಸತ್ತರು ಅಂತ ನಾನು ಹೇಳಲಿಲ್ಲ. ಸತ್ತಿಲ್ಲ ಅಂತಲೂ ಹೇಳಲಿಲ್ಲ. ಎಡೆ ಇಕ್ಕಿದೆ. ಟೆಂಪೋ ಹೊರಡುವ ತನಕ ಜಗಲಿಯ ಮೇಲೆ ಕೂತು ಕೇಳಿದೆ. ತಿಥಿಯ ದಿನ ಈ ಜನವೇ ನನ್ನ ತಲೆ ನೋಡಿ ಪಿಸುಗುಟ್ಟಿದ್ದು. ಅವತ್ತಿನಿಂದ ನನಗೆ ಊಟ ರುಚಿಸಿರಲಿಲ್ಲ. ಟೆಂಪೋ ಹೋದ ಮೇಲೆ ಎರಡು ಮುದ್ದೆ ತಿಂದೆ.

ನೀನು ಹೋಗಲೇ ಅಂತ ಕೇಳಿದ್ದು ನಿಜ, ಹೋಗು ಅಂತ ನಾನು ಅಂದಿದ್ದೂ ನಿಜ. ನಾಯಿಗೂ ಹಾಗೇ ಅನ್ನುತ್ತಾರೆ. ಒಳ್ಳೆಯ ನಾಯಿ ಹೋಗುವುದಿಲ್ಲ.

ಮಂಚಯ್ಯ


ಫ್ರಾಂಕ್‌ಫರ್ಟ್
೨೬-೧೦-೧೯೯೬

ಭಾವನವರಿಗೆ,

ನಿಮ್ಮ ತಮ್ಮ ಬರೆಯುವುದಿಲ್ಲ ಅಂದರು. ನಾನು ಬರೆಯುತ್ತಿದ್ದೇನೆ.

ನಮ್ಮಮ್ಮ ನಿಮ್ಮ ಮನೆಯಿಂದ ಬಂದವರೇ ಅಶೋಕಣ್ಣನಿಗೆ ಫೋನ್ ಮಾಡಿದರು. ನಾವು ಇಟಲಿಯಲ್ಲಿದ್ದೆವು. ವೆನಿಸ್ ಅನ್ನುವ ಊರು, ಬೀದಿಯೆಲ್ಲ ನೀರು. ದೋಣಿಯಲ್ಲಿ ಕೂತು ಸೇತುವೆಗಳ ಫೋಟೋ ತೆಗೆಯುತ್ತಿದ್ದೆವು. ಯಾವ ಹೋಟೆಲು ಅಂತ ಅಶೋಕಣ್ಣನಿಗೆ ಹೇಳಿರಲಿಲ್ಲ. ಅವನು ಕೆಲಸ ಬಿಟ್ಟು ಪೊಲೀಸರ ಹತ್ತಿರ, ರಾಯಭಾರಿ ಕಚೇರಿಯ ಹತ್ತಿರ ಅಲೆದಿದ್ದಾನೆ. ನಾವು ಚೀಲ ಹೊತ್ತುಕೊಂಡು ನಗುತ್ತಾ ಮೆಟ್ಟಿಲು ಹತ್ತಿದಾಗ ಬಾಗಿಲಲ್ಲಿ ಕೂತಿದ್ದ. ನನ್ನನ್ನು ಮುಟ್ಟಿ ನೋಡಿದ. ಆಮೇಲೆ ನನ್ನ ಕೆನ್ನೆಗೆ ಹೊಡೆದು ಅತ್ತ.

ಅಷ್ಟರಲ್ಲಿ ಆಗಬಾರದ್ದು ಆಗಿತ್ತು. ಮೇಘನಳಿಗೆ ಕೆ.ಆರ್. ಪೇಟೆಯ ನಂಜಪ್ಪನವರ ಮಗನ ಜೊತೆ ಮಾತಾಗಿದ್ದು ನಿಮಗೆ ಗೊತ್ತು. ಕಾರ್ತಿಕದಲ್ಲಿ ಮದುವೆ. ನಮ್ಮ ಸಾವಿನ ಸುದ್ದಿ ಹೋದ ಕೂಡಲೇ ಮುಂದೆ ಹಾಕೋಣ ಅಂದರು. ನಾವು ಬದುಕಿದ್ದೇವೆ ಅಂತ ಫೋನು ಮಾಡಿ ಹೇಳಿದ ಮೇಲೆ ಮದುವೆಯೇ ಬೇಡ ಅಂದರು. ನಂಜಪ್ಪನವರು ಅಮ್ಮನಿಗೆ ಹೇಳಿದ ಮಾತು ಇದು: "ಬದುಕಿರೋರ್ಗೆ ಎಡೆ ಇಕ್ಕೋ ಜನದ ನೆಂಟಸ್ತಿಕೆ ನಮ್ಗೆ ಬ್ಯಾಡ ಕಣಮ್ಮ. ನಾಳೆ ನಮ್ಗೂ ಇಕ್ಕಿಬುಟ್ಟಾರು." ನನ್ನ ತಂಗಿ ನಿಮಗೆ ಏನು ಮಾಡಿದ್ದಳು?

ಟೋಪಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಹೇಳಬೇಡ ಅಂತ ಇವರು ಆಣೆ ಹಾಕಿಸಿಕೊಂಡಿದ್ದರು, ಆಣೆ ಮುರಿಯುತ್ತಿದ್ದೇನೆ. ಅಕ್ಕನ ತಿಥಿಯ ದಿನ ನಾವು ಪ್ಯಾರಿಸ್ಸಿನಲ್ಲಿದ್ದೆವು. ಎಲ್ಲರೂ ಅರಮನೆ ನೋಡಲು ಬಸ್ಸು ಹತ್ತಿದರು, ನಾವು ಹತ್ತಲಿಲ್ಲ. ಹೋಟೆಲಿನ ಬಚ್ಚಲಲ್ಲಿ ಇವರನ್ನು ಕೂರಿಸಿ, ಇವರ ಗಡ್ಡದ ರೇಜರಿನಲ್ಲಿ ತಲೆ ಬೋಳಿಸಿದವಳು ನಾನು. ಬರದ ಕೆಲಸ, ಎರಡು ಮೂರು ಕಡೆ ಕುಯ್ದು ರಕ್ತ ಬಂತು. ಅಲುಗಾಡಲಿಲ್ಲ. ಟೂರಿನ ಅಡುಗೆಯವರ ಹತ್ತಿರ ಅನ್ನ ಕೇಳಿ ತಂದು, ನದಿಯ ದಡದಲ್ಲಿ ಪೇಪರ್ ತಟ್ಟೆಯ ಮೇಲೆ ಉಂಡೆ ಮಾಡಿ ಇಟ್ಟರು. ಕಾಗೆ ಬರಲಿಲ್ಲ. ಎಷ್ಟು ಹೊತ್ತು ಕಾದರೂ ಬರಲಿಲ್ಲ. "ಅತ್ಗೆ ನನ್ ಮ್ಯಾಲೆ ಮುನಿಸ್ಕಂಡವ್ಳೆ ಕಣೇ" ಅಂತ ಮಗುವಿನ ಹಾಗೆ ಅತ್ತರು. ಕೊನೆಗೆ ನೀರಿನಿಂದ ಒಂದು ಬಾತುಕೋಳಿ ಹತ್ತಿ ಬಂದು ತಿಂದಿತು. ತಲೆಯ ಗಾಯಕ್ಕೆ ಬಿಸಿಲು ತಾಗಬಾರದು ಅಂತ, ಗೋಪುರದ ಕೆಳಗೆ ಮಾರುತ್ತಿದ್ದ ಟೋಪಿಯನ್ನು ಕೊಂಡವಳೂ ನಾನೇ. ಕೆಂಪು ಬಿಟ್ಟು ಬೇರೆ ಬಣ್ಣ ಇರಲಿಲ್ಲ.

ಅದನ್ನು ನಿಮಗೆ ಬರೆಯಿರಿ ಅಂದೆ. "ಅಣ್ಣ ನಂಬಲ್ಲ, ಫೋಟೋ ಎಲ್ಲಿ ಅಂತಾನೆ. ಅತ್ಗೆ ಕೆಲ್ಸಕ್ಕೆ ಫೋಟೋ ತೆಗೆಯಕ್ಕಾಯ್ತದಾ?" ಅಂದರು.

ಮೂವತ್ತಕ್ಕೆ ನಾವು ಬರುತ್ತೇವೆ. ಪಾಂಡವಪುರಕ್ಕೆ ಬರುತ್ತೇವೆ. ಕಿರಂಗೂರಿಗಲ್ಲ.

ಸಹನ


ಕಿರಂಗೂರು
೧೩-೧೧-೧೯೯೬

ಪುಟ್ಟರಾಜುವಿಗೆ,

ನೀನು ಬಂದಿದ್ದೀಯ ಅಂತ ಗೊತ್ತು. ದೀಪಾವಳಿ ಕಳೆಯಿತು. ಈ ಮನೆಗೆ ಬರಲಿಲ್ಲ. ಬಸ್ಸಿನಲ್ಲಿ ಕೂತರೆ ವೀಳ್ಯ ಜಗಿದು ಮುಗಿಯುವಷ್ಟರಲ್ಲಿ ಬರುವ ಊರಿಗೆ ನಾನು ಅಂಚೆ ಚೀಟಿ ಅಂಟಿಸುತ್ತಿದ್ದೇನೆ.

ಟೋಪಿಯ ವಿಷಯವನ್ನು ನೀನು ಬರೆಯಬೇಕಾಗಿತ್ತು. ಗಾಳಿ ಯಂತ್ರಕ್ಕೆ ಅಷ್ಟುದ್ದ ಬರೆದವನಿಗೆ ಇದಕ್ಕೆ ಒಂದು ಸಾಲು ಇರಲಿಲ್ಲವೇ? ಮೇಲುಕೋಟೆಗೆ ಹೋಗಿ ಪುರೋಹಿತ ಜಯರಾಮಯ್ಯನವರನ್ನು ಕೇಳಿದೆ, ಬಾತುಕೋಳಿ ಮುಟ್ಟಿದರೆ ಸಲ್ಲುತ್ತದೆಯೇ ಅಂತ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿ, "ಹಸಿದ ಜೀವ ತಿಂದರೆ ಸಲ್ಲುತ್ತೆ ಮಂಚಯ್ಯ, ಇಟ್ಟವನ ಮನಸ್ಸು ಹಸಿದಿದ್ದರೆ ಸಾಕು" ಅಂದರು. ಇದನ್ನು ನಿನಗೆ ತಿಳಿಸಬೇಕಾಗಿತ್ತು, ತಿಳಿಸಿದ್ದೇನೆ.

ಕೆ.ಆರ್. ಪೇಟೆಗೂ ಹೋಗಿದ್ದೆ. ನಂಜಪ್ಪ ಮಂಚದ ಮೇಲೆ ಕೂತಿದ್ದ. ಒಳ್ಳೆಯ ಮಾತಿನಲ್ಲೇ ಶುರು ಮಾಡಿದೆ. "ಎಡೆ ಇಕ್ಕಿದ್ದು ನಾನು, ನನ್ ತಮ್ಮಂಗೆ. ಆ ಎಣ್ಮಗ್ಳದ್ದೇನೂ ತಪ್ಪಿಲ್ಲ ಕಣಪ್ಪ" ಅಂದೆ. ಅವನು, "ನಿಂಗೇನು ತಲೆ ಕೆಟ್ಟದಾ ಯಜಮಾನ?" ಅಂದ. ಅಷ್ಟಕ್ಕೆ ಬಿಟ್ಟಿದ್ದರೆ ಆಗುತ್ತಿತ್ತು. "ನಿನ್ ತಮ್ಮ ಸೂತಕದಾಗೇ ಮಜಾ ಮಾಡಾಕೆ ಓದೋನಂತೆ, ಅಂತಾ ಮನೆ" ಅಂದ. ನನ್ನ ತಮ್ಮನನ್ನು ನಾನು ಅನ್ನಬಹುದು, ಅವನು ಯಾರು? "ಪರ್ದೇಸದಾಗೆ ತಲೆ ಕೊಟ್ಟೋನು ಕಣ್ಲಾ ನನ್ ತಮ್ಮ! ನಿನ್ ಮಗ ನಿಂಗೆ ಕೊಡ್ತಾನೇನೋ ಕೇಳು!" ಅಂದು ಅವನ ಹುಕ್ಕ ಒದ್ದೆ. ಅವನ ಜನ ನನ್ನನ್ನು ತೋಳು ಹಿಡಿದು ಬಸ್ಸಿಗೆ ಹತ್ತಿಸಿದರು. ಆ ಸಂಬಂಧ ಮುಗಿಯಿತು. ಅಂಥವನ ಮನೆಗೆ ಕೊಡದಿದ್ದದ್ದೇ ಮೇಲು.

ನಿಮ್ಮ ಫೋಟೋ ಇಳಿಸಿದ್ದೇನೆ. ಬಂದು ನಿನ್ನ ತಲೆ ತೋರಿಸು. ಕೂದಲು ಎಷ್ಟು ಬಂದಿದೆ ನೋಡುತ್ತೇನೆ. ಸಹನಳಿಗೆ ಹಸು ಹೊಡೆದುಕೊಂಡು ಹೋಗಲು ಹೇಳು, ಅದಕ್ಕೆ ನನ್ನ ಕೈ ಹಿಡಿಸುತ್ತಿಲ್ಲ, ಒದೆಯುತ್ತದೆ.

ಮಂಚಯ್ಯ


ಪಾಂಡವಪುರ
೨೪-೧೧-೧೯೯೬

ಶ್ರೀ ಮಂಚಯ್ಯನವರಿಗೆ,

ತಮ್ಮ ಕಾಗದ ತಲುಪಿತು.

ನಾನು ಊರಿಗೆ ಬಂದ ದಿನ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಹೂ ಮಾರುವವಳು ಬುಟ್ಟಿ ಬಿಟ್ಟು ಓಡಿದಳು. ಅಂಗಡಿಯ ಬಾಗಿಲಿಗೆ ನನ್ನ ಹೆಸರಿನ ಶ್ರದ್ಧಾಂಜಲಿ ಚೀಟಿ ಇನ್ನೂ ಅಂಟಿಕೊಂಡಿತ್ತು. ಕೆಂಪಣ್ಣ ಅದನ್ನು ಉಗುರಿನಲ್ಲಿ ಕೆರೆದು ತೆಗೆದ. ಈಗಲೂ ಹಳ್ಳಿಯಿಂದ ಬರುವ ರೈತರು ಒಮ್ಮೆ ನನ್ನ ಕಾಲು ನೋಡಿ ಆಮೇಲೆ ಮುಖ ನೋಡುತ್ತಾರೆ. ನನ್ನ ಅತ್ತೆಗೆ ರಾತ್ರಿ ನಿದ್ದೆ ಇಲ್ಲ. ಮೇಘನ ಅಡುಗೆ ಮನೆಯಿಂದ ಆಚೆ ಬರುವುದಿಲ್ಲ. ತಾವು ಹುಕ್ಕ ಒದ್ದ ಸುದ್ದಿಯನ್ನು ನಾಗಮಂಗಲದಲ್ಲಿ ಯಾರೂ ಮೆಚ್ಚಲಿಲ್ಲ.

ಫೋಟೋ ಇಳಿಸಿದ್ದಾಗಿ ಬರೆದಿದ್ದೀರಿ. ಯಾಕೆ ಇಳಿಸಿದಿರಿ? ಒಂದು ಸಲ ಎಡೆ ಇಕ್ಕಿದವರಿಗೆ ವರ್ಷ ವರ್ಷವೂ ಇಕ್ಕಬೇಕು, ಬಿಟ್ಟರೆ ಮನೆಗೆ ಕಾಡುತ್ತಾರೆ ಅಂತ ನನಗೆ ಹೇಳಿಕೊಟ್ಟವರು ತಾವೇ. ಹಾರ ಹಾಕಿ, ಕುಂಕುಮ ಇಟ್ಟು, ಅನ್ನ ತೋರಿಸಿದ್ದಾಗಿದೆ. ನಾನೂ ಬಾಯಿಬಿಟ್ಟು ಕೇಳಿ ಇಕ್ಕಿಸಿಕೊಂಡವನು. ಅದು ಸಂದಿದೆ.

ಸತ್ತವನು ಸತ್ತವರಿಗೆ ಬೆಂಕಿ ಹಿಡಿಯುವ ಪದ್ಧತಿ ನಮ್ಮಲ್ಲಿ ಇಲ್ಲ. ತಮ್ಮ ಮುಂದೆ ಮಡಕೆ ಹಿಡಿದು ನಡೆಯಲು, ತಮಗೆ ಮೊದಲ ಹಿಡಿ ಮಣ್ಣು ಕೊಡಲು ಬೇರೆ ಯಾರನ್ನಾದರೂ ನೋಡಿಕೊಳ್ಳಿ. ಸುದ್ದಿ ಬಂದರೂ ನಾನು ಬರುವುದಿಲ್ಲ. ತಾವು ಸುಮ್ಮನೆ ಹೇಳುವವರಲ್ಲ. ನಾನು ತಮ್ಮ ಕೈಯಲ್ಲಿ ಬೆಳೆದವನು.

ಹಸುವನ್ನು ಕೆಂಪಣ್ಣ ಬಂದು ಹೊಡೆದುಕೊಂಡು ಬರುತ್ತಾನೆ. ಅವನ ಕೈಯಲ್ಲಿ ಏನೂ ಹೇಳಿ ಕಳಿಸಬೇಡಿ.

ಕೆ. ಪುಟ್ಟರಾಜು


ಕಿರಂಗೂರು
೨೨-೯-೧೯೯೭

ಪುಟ್ಟರಾಜುವಿಗೆ,

ನೀನು ಬರೆದದ್ದಕ್ಕೆ ಉತ್ತರ ಕೊಡಬಾರದು ಅಂತ ಇಷ್ಟು ದಿನ ಇದ್ದೆ. ಮಳೆಗಾಲದಲ್ಲಿ ಎದೆ ಹಿಡಿದುಕೊಂಡಿತ್ತು. ಬೋರಯ್ಯ ಮೈಸೂರಿನ ಆಸ್ಪತ್ರೆಗೆ ಹಾಕಿದ. ಪಕ್ಕದಲ್ಲಿ ಕೂತು, "ಪುಟ್ಟರಾಜಂಗೆ ಯೋಳಿ ಕಳುಸ್ಲಾ?" ಅಂದ. "ಅವ್ನು ಸತ್ತವ್ನೆ, ಸುಮ್ಕಿರ್ಲಾ" ಅಂದೆ. ನೀನು ಬಂದಿದ್ದರೆ ವಾರ್ಡಿನ ಬಾಗಿಲಲ್ಲೇ ಬೈದು ಕಳಿಸುತ್ತಿದ್ದೆ. ಬಾಗಿಲ ಕಡೆ ನೋಡುತ್ತಾ ಮಲಗಿದ್ದೆ, ಬೈಯುವುದಕ್ಕೇ.

ಮೇಘನಳಿಗೆ ನಾಗಮಂಗಲದ ಮೇಷ್ಟ್ರ ಜೊತೆ ಮದುವೆಯಾಯಿತಂತೆ. ಒಳ್ಳೆಯದಾಗಲಿ. ನನಗೆ ಕರೆಯೋಲೆ ಬರಲಿಲ್ಲ. ಬೇರೆಯವರ ಮನೆಯಲ್ಲಿ ನೋಡಿದೆ. ಸುಖಾಗಮನ ಬಯಸುವವರು ಅನ್ನುವ ಕಡೆ ನಿನ್ನ ಹೆಸರು ಅಚ್ಚು ಹಾಕಿಸಿದ್ದಾರೆ. ಸತ್ತವನ ಹೆಸರನ್ನು ಲಗ್ನಪತ್ರಿಕೆಗೆ ಹಾಕಿಸುವ ಜನ, ನನಗೆ ಬುದ್ಧಿ ಹೇಳುತ್ತಾರೆ. ಹೆಂಡತಿಯ ಮನೆಗೆ ಬದುಕಿದ್ದೀಯ, ನನಗೆ ಮಾತ್ರ ಸತ್ತಿದ್ದೀಯ. ಇರಲಿ.

ಮಣ್ಣು ಕೊಡಲು ಯಾರನ್ನಾದರೂ ನೋಡಿಕೊಳ್ಳಿ ಅಂತ ನೀನು ಬರೆದಿದ್ದೆ. ನೋಡಿದೆ. ಬೋರಯ್ಯ ತನ್ನ ಮಗನನ್ನು ಕಳಿಸುತ್ತೇನೆ ಅಂದ. ಚಿಕ್ಕಪ್ಪನ ಮೊಮ್ಮಕ್ಕಳು ಇದ್ದಾರೆ, ಗದ್ದೆಯ ಆಸೆಗೆ ಓಡಿ ಬರುತ್ತಾರೆ. ಯಾರೂ ನನಗೆ ಬೇಡ ಅಂದುಬಿಟ್ಟಿದ್ದೇನೆ. ನಿನ್ನ ಕೈಯ ಮಣ್ಣು ಇಲ್ಲದ ಮೇಲೆ ನಾನು ಸಾಯುವುದಿಲ್ಲ ಹೋಗು. ಡಾಕ್ಟರು ಮಾತ್ರೆ ಕೊಟ್ಟಿದ್ದಾರೆ, ತಪ್ಪದೆ ನುಂಗುತ್ತೇನೆ. ಬೀಡಿ ಬಿಟ್ಟಿದ್ದೇನೆ. ಉಪ್ಪು ಬಿಟ್ಟಿದ್ದೇನೆ. ನಿನ್ನ ಹಟ ದೊಡ್ಡದೋ ನನ್ನ ಉಸಿರು ದೊಡ್ಡದೋ, ನೋಡೇ ಬಿಡೋಣ. ನಿನಗೆ ಎಡೆ ಇಕ್ಕುವುದಕ್ಕಾದರೂ ಬದುಕಿರುತ್ತೇನೆ, ವರ್ಷ ವರ್ಷವೂ.

ಬರುವ ಬುಧವಾರ ಬಿಟ್ಟು ಮುಂದಿನ ಬುಧವಾರ ಅಮಾವಾಸ್ಯೆ. ಫೋಟೋ ಒರೆಸಿ ಇಟ್ಟಿದ್ದೇನೆ. ಹೋದ ಸಲ ಸಾರಿಗೆ ಖಾರ ಹೆಚ್ಚಾಗಿತ್ತು ಅಂತ ಬೋರಯ್ಯನ ಸೊಸೆ ಅಂದಳು. ನಿನ್ನ ಬಾಯಿಗೆ ಈಗ ಎಷ್ಟು ಖಾರ ಬೇಕೋ ನನಗೆ ಗೊತ್ತಿಲ್ಲ. ಬರೆದು ತಿಳಿಸು. ಬೇರೆಯವರ ಮನೆಯ ಸತ್ತವರು ಬರೆಯುವುದಿಲ್ಲ, ನೀನು ಬರೆಯುತ್ತೀಯ.

ಮಂಚಯ್ಯ